ಮುರಳಿಮೋಹನರ ಮೀಸಲು ದನಿ

ಟೊಮೇಟೊ ಮಂಡಿ ಇರುವ ಊರಿಗೆ ಗದ್ದಲದ ಕೊರತೆ ಎಂದೂ ಬರುವುದಿಲ್ಲ. ಹಾಗಿದ್ದೂ ಚಿಂತಾಮಣಿಯ ಕೆಲವು ದೊಡ್ಡ ಮನುಷ್ಯರಿಗೆ, ಬೆಳಿಗ್ಗೆ ಹರಾಜಿನಲ್ಲಿ ಕೂಗಿದ್ದು ಸಾಲದು, ಸಂಜೆ ಒಂದೆಡೆ ಸೇರಿ ರಾಗವಾಗಿಯೂ ಕೂಗಬೇಕು ಎನ್ನಿಸಿತು. ಹೀಗೆ ಹದಿನೈದು ವರ್ಷಗಳ ಕೆಳಗೆ ಚಿಂತಾಮಣಿ ಸಮೂಹ ಗಾಯನ ಮತ್ತು ವಾದ್ಯವೃಂದ ಸಂಘ ಹುಟ್ಟಿತು. ಹೆಸರು ಎಷ್ಟು ಉದ್ದವೆಂದರೆ ಬ್ಯಾನರು ಯಾವ ವೇದಿಕೆಯಲ್ಲೂ ಪೂರ್ತಿ ಹಿಡಿಯುತ್ತಿರಲಿಲ್ಲ. ಕೊನೆಯ ನಾಲ್ಕು ಅಕ್ಷರ ಕಂಬದ ಹಿಂದಕ್ಕೆ ಮಡಿಸಿಕೊಂಡು ನಿಲ್ಲುತ್ತಿದ್ದವು.

ಸಂಘಕ್ಕೆ ಹಾಡು ಕಲಿಸುವವರು ಕೋನಪ್ಪ ಮೇಷ್ಟ್ರು. ಹೈಸ್ಕೂಲಿನಲ್ಲಿ ಸಂಗೀತ ಹೇಳಿಕೊಟ್ಟು ನಿವೃತ್ತರಾದವರು. ಅವರ ಕಿವಿ ಬಹಳ ಸೂಕ್ಷ್ಮ, ಮನಸ್ಸು ಬಹಳ ಮೆತ್ತಗೆ. ದೇವರು ಇವೆರಡನ್ನೂ ಒಂದೇ ದೇಹದಲ್ಲಿ ಇಡಬಾರದಿತ್ತು. 'ನಾನೂ ಸಂಘಕ್ಕೆ ಸೇರ್ಕೋತೀನಿ ಮೇಷ್ಟ್ರೇ' ಎಂದು ಬಂದವರಿಗೆ ಇಲ್ಲ ಎನ್ನುವುದು ಅವರಿಂದ ಆಗದ ಮಾತು. ಏಕೆಂದರೆ ಬಂದವನು ಒಂದೋ ಅವರ ಹಳೆಯ ವಿದ್ಯಾರ್ಥಿ, ಇಲ್ಲವೇ ವಿದ್ಯಾರ್ಥಿಯ ಅಪ್ಪ, ಎರಡೂ ಅಲ್ಲದಿದ್ದರೆ ಅವರ ಮನೆಗೆ ಅಕ್ಕಿ ಹಾಕುವ ಅಂಗಡಿಯವನು. ಹೀಗಾಗಿ ಐದು ಜನರಿಂದ ಶುರುವಾದ ಹಾಡುಗಾರರ ಸಾಲು ಹದಿನೆಂಟಕ್ಕೆ ಬಂದು ನಿಂತಿತ್ತು. ನಿಂತದ್ದು ಕೂಡ ವೇದಿಕೆಯ ಮರದ ಹಲಗೆ ತಡೆಯುವುದಿಲ್ಲವೆಂದು ಕಲ್ಯಾಣ ಮಂಟಪದವರು ಬರೆದುಕೊಟ್ಟಮೇಲೆ.

ಆ ಹದಿನೆಂಟರಲ್ಲಿ ಒಬ್ಬರು ಮುರಳಿಮೋಹನ್. ಬಸ್ ಸ್ಟ್ಯಾಂಡಿನ ಎದುರು ರೇಷ್ಮೆ ಬೆಳೆಗಾರರಿಗೆ ಬೇಕಾದ ಸಾಮಾನಿನ ಅಂಗಡಿ. ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆ, ಸುಣ್ಣದ ಪುಡಿ, ಔಷಧಿ. ಹನ್ನೊಂದು ವರ್ಷಗಳ ಕೆಳಗೆ ಅವರು ಸಂಘಕ್ಕೆ ಸೇರಲು ಹೋದಾಗ ಮೇಷ್ಟ್ರು ಒಂದು ಸಾಲು ಹಾಡಿಸಿದರು. ಅರ್ಧ ಸಾಲಿಗೇ ಕನ್ನಡಕ ತೆಗೆದು ಒರೆಸಿಕೊಂಡರು, ಒಂದು ಲೋಟ ನೀರು ಕುಡಿದರು, ಕಿಟಕಿಯಾಚೆ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು ದನಿ ತಗ್ಗಿಸಿದರು.

"ಮುರಳಿಮೋಹನ್ ಅವರೇ, ನಿಮ್ದು ಸಾಮಾನ್ಯವಾದ ದನಿ ಅಲ್ಲ. ನೀವು ಬಿಟ್ಟು ಹಾಡಿದ್ರೆ ಮಿಕ್ಕೋರ್ದು ಯಾರ್ದೂ ಕೇಳಿಸಲ್ಲ. ಪಾಪ, ನೊಂದ್ಕೋತಾರೆ. ಅದಕ್ಕೆ ಬಾಯಿ ಪೂರ್ತಿ ಆಡ್ಸಿ, ದನಿ ಮಾತ್ರ ಒಳಗೇ ಇಟ್ಕೊಳ್ಳಿ. ಬೇಕಾದಾಗ ನಾನೇ ಹೇಳ್ತೀನಿ. ಇದು ನಮ್ಮಿಬ್ಬರಲ್ಲೇ ಇರಲಿ."

ಮುರಳಿಮೋಹನ್ ಅದನ್ನು ಅವಮಾನವೆಂದು ತಿಳಿಯಲಿಲ್ಲ. ಸರ್ಕಾರ ಕೂಡ ಮೀಸಲು ಪಡೆಯನ್ನು ದಿನವೂ ಬೀದಿಗೆ ಬಿಡುವುದಿಲ್ಲವಷ್ಟೆ. ಅಂದಿನಿಂದ ಅವರು ಬಾಯಾಡಿಸುವುದನ್ನೇ ಒಂದು ವಿದ್ಯೆಯಾಗಿ ಸಾಧಿಸಿದರು. ಮನೆಯ ಬಚ್ಚಲಿನ ಕನ್ನಡಿಯ ಮುಂದೆ ಅಕ್ಷರಕ್ಕೊಂದು ತುಟಿ, ಒತ್ತಕ್ಷರಕ್ಕೊಂದು ಹುಬ್ಬು ಎಂದು ಅಭ್ಯಾಸವಾಯಿತು. ಮೇಲಿನ ಸ್ಥಾಯಿಗೆ ಕತ್ತಿನ ನರ ಉಬ್ಬುತ್ತಿತ್ತು, ಕೆಳಗಿನದಕ್ಕೆ ಗಲ್ಲ ಎದೆಗಿಳಿಯುತ್ತಿತ್ತು, ಕರುಣರಸಕ್ಕೆ ಕಣ್ಣಂಚಿನಲ್ಲಿ ಸಾಕ್ಷಾತ್ ನೀರು. ಹೆಂಡತಿ ಭಾನುಪ್ರಿಯಾ ಮಾತ್ರ ಇದೇನನ್ನೂ ಅರಿಯದೆ, ಗಂಡನ ಗಂಟಲು ಕೆಡದಿರಲೆಂದು ಪ್ರತಿ ಶನಿವಾರ ಮೆಣಸಿನ ಕಷಾಯ ಕಾಯಿಸಿಕೊಡುತ್ತಿದ್ದಳು.

ಸಂಘಕ್ಕೆ ಹೆಸರು ಬಂತು. ಹದಿನೆಂಟು ಕಂಠಗಳು ಎರಡೇ ಕಂಠವೆಂಬಷ್ಟು ಒಮ್ಮನದಿಂದ ಹಾಡಿದವೆಂದು ಸ್ಥಳೀಯ ಪತ್ರಿಕೆಯೊಂದು ಬರೆಯಿತು. ಅದು ಎಷ್ಟು ಕರಾರುವಾಕ್ಕಾದ ವರದಿಯೆಂದು ಬರೆದವನಿಗೂ ಗೊತ್ತಿರಲಿಲ್ಲ. ಜೊತೆಗೊಂದು ಫೋಟೊ. ಫೋಟೊ ತೆಗೆಯುವವರಿಗೆ ಕಿವಿಯ ಹಂಗಿಲ್ಲವಾದ್ದರಿಂದ ಪ್ರತಿ ಸಲವೂ ಅವರು ಹುಡುಕಿ ಹಿಡಿಯುತ್ತಿದ್ದುದು ಮುರಳಿಮೋಹನರ ಮುಖವನ್ನೇ. ಈ ಬಾರಿ ಅದು ಅಂಗೈಯಗಲ ಅಚ್ಚಾಗಿ, ಬಸ್ಸು ಹತ್ತಿ, ಗೌರಿಬಿದನೂರು ದಾಟಿ, ನಗರಗೆರೆಯಲ್ಲಿದ್ದ ಅವರ ಅತ್ತೆ ಓಬಳಮ್ಮನವರ ಕೈ ಸೇರಿತು.

ಓಬಳಮ್ಮನವರಿಗೆ ಎಂಬತ್ತೊಂದು. ನಗರಗೆರೆಯಲ್ಲಿ ಹೊಲ ತೋಟ ಇರುವ ಮನೆತನದ ಯಜಮಾನಿ. ಇಬ್ಬರು ಅಳಿಯಂದಿರು. ದೊಡ್ಡ ಅಳಿಯನ ವಿಚಾರ ಯಾರಾದರೂ ಕೇಳಿದರೆ ಖಜಾನೆಯಲ್ಲಿ ಅವನ ಮೇಜು ಎಷ್ಟು ದೊಡ್ಡದೆಂಬುದರಿಂದ ಶುರುಮಾಡಿ ಅರ್ಧ ಗಂಟೆ ಹೇಳುವರು. ಚಿಕ್ಕ ಅಳಿಯ ಮುರಳಿಮೋಹನರ ವಿಚಾರ ಕೇಳಿದರೆ, "ಅವನಾ, ಇದಾನೆ" ಎನ್ನುವರು. ಮದುವೆಯಾದ ಇಪ್ಪತ್ತಾರು ವರ್ಷಗಳಲ್ಲಿ ಈ ವರದಿಗೆ ಒಂದು ಅಕ್ಷರ ಸೇರಿರಲಿಲ್ಲ. ಮುರಳಿಮೋಹನ್ ಹಬ್ಬಕ್ಕೆ ಹೋದಾಗಲೆಲ್ಲ ತಲೆ ತಗ್ಗಿಸಿಕೊಂಡು ಆರೋಗ್ಯ ವಿಚಾರಿಸುವರು. ಆಕೆ ಉತ್ತರ ಕೊಡದೆ ಒಬ್ಬಟ್ಟು ಬಡಿಸುವರು. ಅತ್ತೆಯ ಬಾಯಿಂದ ಒಂದೇ ಒಂದು ಒಳ್ಳೆಯ ಮಾತು ಕೇಳಬೇಕು: ಮುರಳಿಮೋಹನರಿಗೆ ಬದುಕಿನಲ್ಲಿ ಉಳಿದಿದ್ದ ಆಸೆ ಇದೊಂದೇ.

ಫೋಟೊವನ್ನು ಓಬಳಮ್ಮ ಬಿಸಿಲಿಗೆ ಹಿಡಿದು ನೋಡಿದರು, ನೆರಳಿಗೆ ಹಿಡಿದು ನೋಡಿದರು. ಈ ಮನುಷ್ಯನಿಗೆ ಇಷ್ಟು ಬಾಯಿ ಇದೆಯೆಂದು ತನಗೆ ಯಾರೂ ಹೇಳಲಿಲ್ಲವಲ್ಲ ಎಂದು ಮನೆಯವರನ್ನೆಲ್ಲ ಗದರಿದರು. ಸಂಘದ ಹದಿನೈದನೆಯ ವಾರ್ಷಿಕೋತ್ಸವಕ್ಕೆ ತಾವೇ ಬಂದು ಕೇಳುವುದಾಗಿ ಹೇಳಿಕಳುಹಿಸಿದರು. ಒಬ್ಬರೇ ಬರುವುದು ಅವರ ಅಂತಸ್ತಿಗೆ ತಕ್ಕುದಲ್ಲವಾಗಿ, ನೆಂಟರು ತುಂಬಿದ ಎರಡು ಟೆಂಪೊ ಗೊತ್ತಾದವು.

ಸುದ್ದಿ ತಲುಪಿದ ಸಂಜೆಯೇ ಮುರಳಿಮೋಹನ್ ಮೇಷ್ಟ್ರ ಮನೆಗೆ ಹೋದರು. ಅತ್ತೆ ಬರುತ್ತಿದ್ದಾರೆ, ಈ ಸಲ ಒಂದು ಚರಣಕ್ಕಾದರೂ ದನಿ ಬಿಡಲೇ ಎಂದು ಕೇಳಿದರು. ತುಂಬಿದ ಕೆರೆಯ ತೂಬು ತೆಗೆಯಲೇ ಎಂದು ಯಾರಾದರೂ ಕೇಳಿದರೆ ಕೆಳಗಿನ ಊರಿನವನ ಮುಖ ಹೇಗಾಗುತ್ತದೋ ಮೇಷ್ಟ್ರ ಮುಖ ಹಾಗಾಯಿತು. ಆದರೆ ಇಲ್ಲ ಎನ್ನುವ ಮಾತು ಅವರ ನಾಲಗೆಯಲ್ಲಿ ಇರಲಿಲ್ಲವಷ್ಟೆ. "ನೋಡಣ. ಸಭೆ ಹೆಂಗಿದೆ ನೋಡ್ಕೊಂಡು ಎಡಗೈ ಕಿರುಬೆರಳು ಎತ್ತೀನಿ. ಎತ್ತಿದ್ರೆ ಬಿಡಿ. ಎತ್ತದಿದ್ರೆ ಒಳಗೇ ಇರ್ಲಿ" ಎಂದರು. ಆ ಬೆರಳನ್ನು ಎತ್ತುವ ಯೋಚನೆ ಅವರಿಗೆ ಕನಸಿನಲ್ಲೂ ಇರಲಿಲ್ಲ.

ವಾರ್ಷಿಕೋತ್ಸವ ಒಂದು ಭಾನುವಾರ ಮಧ್ಯಾಹ್ನ ನಾಲ್ಕಕ್ಕೆ, ಅದೇ ಕಲ್ಯಾಣ ಮಂಟಪದಲ್ಲಿ. ಮುಖ್ಯ ಅತಿಥಿ ಅಂಬರೀಶ್ ಎಂಬ ತಾಲ್ಲೂಕು ಮಟ್ಟದ ಅಧಿಕಾರಿ. ಮೈಕಿನ ವ್ಯವಸ್ಥೆ ಮುನಿಶಾಮಿಯದು; ಮುರಳಿಮೋಹನರ ಪಕ್ಕದ ಮಳಿಗೆಯವನು, ಹೊಸ ಸೆಟ್ಟು ತಂದು ಇನ್ನೂ ಅದರ ಪ್ಲಾಸ್ಟಿಕ್ ಕವರು ತೆಗೆಯಲು ಮನಸ್ಸಾಗದವನು. ವಾದ್ಯಗಳಿಗೆ ಬೇರೆ ಮೈಕು, ಹಾಡುಗಾರರಿಗೆ ಬೇರೆ ನಾಲ್ಕು. ಆ ನಾಲ್ಕರಲ್ಲಿ ಅತ್ಯುತ್ತಮವಾದದ್ದನ್ನು ಅವನು ಪ್ರತಿ ವರ್ಷದಂತೆ ಗೌರವಪೂರ್ವಕವಾಗಿ ಮುರಳಿಮೋಹನರ ಗಲ್ಲದ ಕೆಳಗೇ ನಿಲ್ಲಿಸಿದ್ದ.

ಎಲ್ಲರೂ ಬಂದಿದ್ದರು, ಇಬ್ಬರನ್ನು ಬಿಟ್ಟು. ಕಾಲೇಜಿನಲ್ಲಿ ಪಾಠ ಹೇಳುವ ಶಿರೀಷಾ, ಆಸ್ಪತ್ರೆಯಲ್ಲಿ ನರ್ಸಾಗಿದ್ದ ಕವಿತ, ಇಬ್ಬರೂ ಬೆಳಿಗ್ಗೆ ಶಿಡ್ಲಘಟ್ಟದಲ್ಲಿ ಒಂದು ನಾಮಕರಣಕ್ಕೆ ಹಾಡಲು ಹೋಗಿದ್ದವರು, ಬರುವ ದಾರಿಯಲ್ಲಿ ಲಾರಿಯಿಂದ ಟೊಮೇಟೊ ಕ್ರೇಟುಗಳು ಉರುಳಿ ರಸ್ತೆ ಕೆಂಪಾಗಿ, ಬಸ್ಸಿನಲ್ಲೇ ಸಿಕ್ಕಿಕೊಂಡಿದ್ದರು. ಹತ್ತು ನಿಮಿಷದಲ್ಲಿ ಬರುತ್ತೇವೆಂದು ನಾಲ್ಕು ಸಲ ಫೋನು ಬಂತು. ಅಂಬರೀಶ್ ಅವರಿಗೆ ಆರು ಗಂಟೆಗೆ ಕೈವಾರದಲ್ಲಿ ಇನ್ನೊಂದು ಕಾರ್ಯಕ್ರಮ. ಹದಿನಾರು ಜನ ಇದ್ದಾರಲ್ಲ, ಶುರುಮಾಡಬಾರದೇಕೆ ಎಂದು ಅವರು ವಿನಯವಾಗಿ ಕೇಳಿದರು. ಮೇಷ್ಟ್ರಿಗೆ ಇದಕ್ಕೂ ಇಲ್ಲ ಎನ್ನಲಾಗಲಿಲ್ಲ.

ಜಿಲ್ಲೆಯ ಕೆರೆಗಳ ಮೇಲೆ ಮೇಷ್ಟ್ರೇ ಕಟ್ಟಿದ ಹಾಡು. ಪಿಟೀಲು, ಕ್ಲಾರಿಯೊನೆಟ್, ಹಾರ್ಮೋನಿಯಂ ಸೊಗಸಾಗಿ ಪೀಠಿಕೆ ಹಾಕಿದವು. ಮೃದಂಗ ಮುಕ್ತಾಯ ಕೊಟ್ಟಿತು. ಮೇಷ್ಟ್ರ ಎರಡೂ ಕೈ ಮೇಲೆದ್ದು ಕೆಳಗಿಳಿದವು. ಹದಿನಾರು ಬಾಯಿ ಏಕಕಾಲಕ್ಕೆ ತೆರೆದವು. ವಾದ್ಯದವರು ವಾಡಿಕೆಯಂತೆ ಹಾಡಿಗೆ ದಾರಿಬಿಟ್ಟು ಮೆತ್ತಗಾದರು.

ಫ್ಯಾನು ತಿರುಗುವ ಸದ್ದು ಕೇಳಿಸಿತು. ಹಿಂದಿನ ಅಡಿಗೆಮನೆಯಲ್ಲಿ ಯಾರೋ ಎಣ್ಣೆಗೆ ಬೋಂಡಾ ಬಿಟ್ಟದ್ದು ಬಹಳ ಸ್ಪಷ್ಟವಾಗಿ ಕೇಳಿಸಿತು.

ಮುರಳಿಮೋಹನ್ ಬಾಯಿ ಇನ್ನಷ್ಟು ಅಗಲಿಸಿದರು. ಅಕ್ಕಪಕ್ಕದವರೂ ಅಗಲಿಸಿದರು. ಮುರಳಿಮೋಹನರ ಕಣ್ಣು ಮೇಷ್ಟ್ರ ಎಡಗೈಯ ಮೇಲೆ. ಮೇಷ್ಟ್ರೋ ಮುಳುಗುವವರ ಹಾಗೆ ಹತ್ತೂ ಬೆರಳನ್ನು ಗಾಳಿಯಲ್ಲಿ ನಡುಗಿಸುತ್ತಿದ್ದರು. ಹತ್ತರಲ್ಲಿ ಕಿರುಬೆರಳೂ ಸೇರುತ್ತದೋ ಇಲ್ಲವೋ ಎಂಬುದು ಒಪ್ಪಂದದಲ್ಲಿ ಇರಲಿಲ್ಲವಾದ್ದರಿಂದ ಮುರಳಿಮೋಹನ್ ಶಿಸ್ತು ಮೀರದೆ ಕಾದರು.

ಮುನಿಶಾಮಿ ಓಡಿಬಂದ. ಒಂದು ಮೈಕಿಗೆ ಊದಿದ, ಇನ್ನೊಂದಕ್ಕೆ ತಟ್ಟಿದ, ಮೂರನೆಯದಕ್ಕೆ ಬಾಗಿ ಒನ್ ಟೂ ತ್ರೀ ಎಂದ. ಮಂಟಪ ಗುಡುಗಿತು. ಅವನ ದನಿ ಹಿಡಿಯುವ ಮೈಕು ಹಾಡುಗಾರರ ದನಿ ಹಿಡಿಯುತ್ತಿಲ್ಲವೆಂದರೆ ಏನು ರೋಗವಿರಬಹುದೆಂದು ಸಭೆಯಲ್ಲಿ ವಿಚಾರ ಸಂಕಿರಣವೇ ಹುಟ್ಟಿತು. ಕರೆಂಟಿನಲ್ಲಿ ಒಂದು ಫೇಸ್ ಹೋಗಿದೆ ಎಂದರು ಕೆಲವರು. ರೇಷ್ಮೆ ರೀಲಿಂಗ್ ಘಟಕದ ಯಜಮಾನರೊಬ್ಬರು ಮೊಬೈಲ್ ಟವರ್ ಕಡೆ ಬೆರಳು ತೋರಿಸಿದರು. ಶಾಸ್ತ್ರೀಯವಾದ ದನಿ ಹಗುರ ಮೈಕಿಗೆ ಹತ್ತುವುದಿಲ್ಲ, ಅದಕ್ಕೆ ತೂಕದ ಮೈಕೇ ಬೇಕೆಂದು ಬಲ್ಲವರೊಬ್ಬರು ಬಿಡಿಸಿ ಹೇಳಿದರು. ಮುನಿಶಾಮಿ ಸ್ಕ್ರೂಡ್ರೈವರ್ ಹಲ್ಲಲ್ಲಿ ಕಚ್ಚಿಕೊಂಡು ವೇದಿಕೆಯ ಮೇಲೆ ಮಂಡಿಯೂರಿ ವೈರು ಕಿತ್ತು ಚುಚ್ಚಿ, ಕಿತ್ತು ಚುಚ್ಚಿ ಮಾಡಿದ. ಹಾಡು ಎರಡನೆಯ ಚರಣ ತಲುಪಿತು, ಅದೇ ಗಾಂಭೀರ್ಯದಲ್ಲಿ.

ಆಗ ಮೊದಲ ಸಾಲಿನಿಂದ ಒಂದು ದನಿ ಎದ್ದಿತು. ಓಬಳಮ್ಮನವರು. ಮೃದಂಗದವನ ಕೈ ಒಮ್ಮೆ ನೋಡಿ ತೊಡೆಯ ಮೇಲೆ ತಾಳ ಹಿಡಿದು, ಆಮೇಲೆ ಕಣ್ಣು ಅಳಿಯನ ಮುಖದಿಂದ ಕೀಳದೆ, ಪಕ್ಕದಲ್ಲಿದ್ದ ಮಗಳಿಗೆ ತಮ್ಮ ತೆಲುಗು ಬೆರೆತ ಕನ್ನಡದಲ್ಲಿ ಇಡೀ ಮಂಟಪಕ್ಕೆ ಕೇಳುವಂತೆ ಹೇಳಿದರು:

"ಏಮ್ಮಾ ಭಾನು, ನಮ್ಮ ಅಲ್ಲುಡು ಎಷ್ಟ್ ಬಾಗ ಹಾಡ್ತಾವ್ನೆ ನೋಡೇ. ಒಂದೊಂದ್ ಮಾತೂ ಬಿಡಿಬಿಡಿಯಾಗಿ ಕೇಳಿಸ್ತೈತೆ. ಇಂಥ ಗಂಟ್ಲು ನಮ್ ತಾಲ್ಲೂಕಲ್ಲೇ ಇಲ್ಲ."

ಓಬಳಮ್ಮನವರಿಗೆ ಮೂರು ವರ್ಷದಿಂದ ಕಿವಿ ಪೂರ್ತಿ ಹೋಗಿತ್ತು. ನಗರಗೆರೆಯ ಮನೆಯವರಿಗೆಲ್ಲ ಗೊತ್ತು, ಹೇಳುವ ಧೈರ್ಯ ಯಾರಿಗೂ ಇಲ್ಲ. ಒಮ್ಮೆ ಹೇಳಿದ ಸೊಸೆಯೊಂದಿಗೆ ಆಕೆ ಎರಡು ತಿಂಗಳು ಮಾತು ಬಿಟ್ಟಿದ್ದರು. ಎದುರಿನವರ ತುಟಿ ನೋಡಿಯೇ ಎಲ್ಲವನ್ನೂ ನಿಭಾಯಿಸುತ್ತಿದ್ದರು. ತಲೆ ತಗ್ಗಿಸಿಕೊಂಡು ಮಾತಾಡುವ ಚಿಕ್ಕ ಅಳಿಯನ ತುಟಿ ಮಾತ್ರ ಅವರಿಗೆ ಒಂದು ದಿನವೂ ಸಿಕ್ಕಿರಲಿಲ್ಲ. ಇಪ್ಪತ್ತಾರು ವರ್ಷಗಳ ಮೌನದಲ್ಲಿ ಮೊದಲ ಇಪ್ಪತ್ತಮೂರು ತಿರಸ್ಕಾರಕ್ಕೆ ಸೇರಿದ್ದು, ಕಡೆಯ ಮೂರು ಕಿವಿಗೆ ಸೇರಿದ್ದು. ಇಂದು ಆ ತುಟಿ ಹನ್ನೊಂದು ವರ್ಷದ ಸಾಧನೆಯೊಂದಿಗೆ ಎದುರಿಗೇ ನಿಂತಿತ್ತು. ಈ ಸಂಗತಿಗಳು ಮುರಳಿಮೋಹನರಿಗೆ ತಿಳಿದದ್ದು ಮಾರನೆಯ ವಾರ. ಅವರ ಪಾಲಿಗೆ ಆ ಕ್ಷಣದ ಸತ್ಯ ಒಂದೇ: ಅತ್ತೆ ಮೆಚ್ಚಿದರು, ಅದೂ ನೂರಾರು ಜನರ ಮುಂದೆ.

ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೇ ಕೈಮುಗಿದು ಕೆಳಗಿಳಿಯುತ್ತಿದ್ದರು. ಮುರಳಿಮೋಹನರೂ ಕೈ ಜೋಡಿಸಿದರು. ಅಷ್ಟರಲ್ಲಿ ವೇದಿಕೆಯ ಬದಿಯಲ್ಲಿ ಕೂತಿದ್ದ ಅಂಬರೀಶ್ ಎದ್ದುನಿಂತು, ಇಂಥ ಕಲಾವಿದರ ದನಿಯನ್ನು ಜನರಿಗೆ ಮುಟ್ಟಿಸಲಾರದ ಮನುಷ್ಯನನ್ನು ಇನ್ನು ತಾಲ್ಲೂಕಿನ ಯಾವ ಸಮಾರಂಭಕ್ಕೂ ಕರೆಯುವುದು ಬೇಡವೆಂದು ಪಕ್ಕದವರಿಗೆ ಹೇಳಿದರು. ಮೈಕು ಅದನ್ನೂ ಚೆನ್ನಾಗಿಯೇ ಹಿಡಿಯಿತು. ಮುನಿಶಾಮಿ ಮಂಡಿಯೂರಿದಲ್ಲಿಂದಲೇ ತಲೆಯೆತ್ತಿದ. ಸ್ಕ್ರೂಡ್ರೈವರ್ ಬಾಯಿಂದ ಬಿತ್ತು.

"ಅಣ್ಣ, ಯಾರ್ದು ಹಿಡೀದಿದ್ರೂ ನಿಮ್ಮ ದನಿಯಾದ್ರೂ ಹಿಡೀಬೇಕಾಗಿತ್ತು," ಎಂದ. "ನಾನೇನು ಅಪಚಾರ ಮಾಡ್ದೆ ಅಂತ ಹಿಂಗಾಯ್ತೋ."

ಮುರಳಿಮೋಹನ್ ಮುನಿಶಾಮಿಯನ್ನು ನೋಡಿದರು. ಮೊದಲ ಸಾಲಿನಲ್ಲಿ ಬೆಳಗುತ್ತಿದ್ದ ಅತ್ತೆಯ ಮುಖ ನೋಡಿದರು. ಇಪ್ಪತ್ತಾರು ವರ್ಷ ಕಾದು ಸಿಕ್ಕಿದ್ದರ ಆಯುಷ್ಯ ಎರಡು ನಿಮಿಷ. ಮೈಕಿನ ಕತ್ತು ಹಿಡಿದು ಹತ್ತಿರಕ್ಕೆ ಎಳೆದುಕೊಂಡು, ಎಂದಿನಂತೆ ತಲೆ ತಗ್ಗಿಸಿ ಹೇಳಿದರು:

"ಸಾರ್, ಮೈಕ್ ಸರಿಯಾಗೈತೆ. ತಪ್ಪು ನಂದು. ನಾನು ಹಾಡ್ತಿರ್ಲಿಲ್ಲ, ಬಾಯಾಡಿಸ್ತಿದ್ದೆ. ಹನ್ನೊಂದು ವರ್ಷದಿಂದ ಬರೀ ಬಾಯೇ ಆಡಿಸ್ತಿರೋದು."

ಹೊಸ ಸೆಟ್ಟು ಈ ಮಾತನ್ನು ಅಡಿಗೆಮನೆಯ ಬೋಂಡಾ ಬಾಣಲೆಯವರೆಗೂ ಮುಟ್ಟಿಸಿತು. ಮುಟ್ಟದೆ ಉಳಿದವರು ಸಭೆಯಲ್ಲಿ ಒಬ್ಬರೇ. ಅಳಿಯ ತಲೆ ತಗ್ಗಿಸಿದ್ದರಿಂದ ಅವರು ವಿನಯವೆಂದು ತಿಳಿದು ಇನ್ನಷ್ಟು ಸಂತೋಷಪಟ್ಟರು. ಪಕ್ಕದಲ್ಲಿ ಭಾನುಪ್ರಿಯಾ ಮಾತ್ರ ಎದ್ದುನಿಂತಿದ್ದಳು. "ಹಂಗಾದ್ರೆ ನಾನು ಹನ್ನೊಂದು ವರ್ಷ ಕಷಾಯ ಕಾಯ್ಸಿದ್ದು ಯಾವ ಗಂಟ್ಲಿಗ್ರೀ?" ಎಂದು ಕೇಳಿದಳು. ಉತ್ತರಕ್ಕಾಗಿ ಅಲ್ಲ.

ಅಂಬರೀಶ್ ಕಡತ ಓದಿ ಪಳಗಿದವರು. ಬಿಟ್ಟುಹೋದದ್ದು ಅವರ ಕಣ್ಣಿಗೆ ಬೇಗ ಬೀಳುತ್ತಿತ್ತು. ಇವರೊಬ್ಬರು ಹಾಡಲಿಲ್ಲ, ಸರಿ. ಮಿಕ್ಕ ಹದಿನೈದು ಜನರ ದನಿ ಎಲ್ಲಿ ಎಂದು ಕೇಳಿದರು.

ವೇದಿಕೆ ಮೌನವಾಯಿತು. ಇಷ್ಟು ಹೊತ್ತು ಇದ್ದದ್ದೂ ಮೌನವೇ, ಆದರೆ ಇದು ಬಾಯಿ ಮುಚ್ಚಿದ ಮೌನ. ಕಡೆಗೆ ಸಂಘದ ಅಧ್ಯಕ್ಷೆ ಆಂಜಿನಮ್ಮನವರು, ಆಸ್ಪತ್ರೆಯಲ್ಲಿ ಮೇಲ್ವಿಚಾರಕಿಯಾಗಿದ್ದು ಎಂಥೆಂಥ ಡಾಕ್ಟರರನ್ನೂ ನಡುಗಿಸಿದವರು, ಮೇಷ್ಟ್ರ ಕಡೆ ನಿಧಾನವಾಗಿ ತಿರುಗಿದರು.

"ಮೇಷ್ಟ್ರೇ, ಬಿಟ್ಟು ಹಾಡಿದ್ರೆ ಮಿಕ್ಕೋರ್ದು ಕೇಳಿಸಲ್ಲ, ಪಾಪ ನೊಂದ್ಕೋತಾರೆ ಅಂತ ನನಗೂ ಹೇಳಿದ್ರಿ. ನಮ್ಮಿಬ್ಬರಲ್ಲೇ ಇರಲಿ ಅಂದಿದ್ರಿ."

ಅಕ್ಕಿ ಗಿರಣಿಯವರು ತಮಗೂ ಅದೇ ಹೇಳಿದ್ದೆಂದರು. ವಿಮೆ ಏಜೆಂಟರು ತಮಗೂ ಎಂದರು. ಹೀಗೆ ಹದಿನಾರು ಜನರ ಗುಟ್ಟೂ ಸರದಿಯಲ್ಲಿ ಹೊರಬಿತ್ತು. ಇಷ್ಟು ವರ್ಷ ತಮ್ಮನ್ನು ಹಾಡಗೊಡಲಿಲ್ಲವೆಂದು ಯಾರಿಗೂ ಬೇಸರವಾಗಲಿಲ್ಲ. ತಮಗೊಬ್ಬರಿಗೇ ಎಂದು ತಿಳಿದಿದ್ದ ಹೊಗಳಿಕೆಯನ್ನು ಇನ್ನೂ ಹದಿನೈದು ಜನಕ್ಕೆ ಹಂಚಿದ್ದಾರಲ್ಲ, ಅದು ನೋವಾಯಿತು. ಸಂಘದ ಕೀರ್ತಿಯೆಲ್ಲ ಈಗ ಟೊಮೇಟೊ ರಸ್ತೆಯಲ್ಲಿ ಬಸ್ಸಿನೊಳಗೆ ಕೂತಿದೆಯೆಂದು ಸಭೆಗೆ ಒಟ್ಟಿಗೇ ಅರ್ಥವಾಯಿತು.

ಕೋನಪ್ಪ ಮೇಷ್ಟ್ರು ಕನ್ನಡಕ ತೆಗೆದರು. "ಏನ್ ಮಾಡ್ಲಿ ಸ್ವಾಮಿ," ಎಂದರು ಅಧಿಕಾರಿಗಳಿಗೆ. "ಯಾರಿಗೂ ಇಲ್ಲ ಅನ್ನಕ್ಕಾಗ್ಲಿಲ್ಲ. ಯಾರ್ಯಾರಿಗೆ ಹೇಳಿದ್ದೆ ಅನ್ನೋದೂ ನೆನಪಿರ್ಲಿಲ್ಲ."

ಅಂಬರೀಶ್ ಮುನಿಶಾಮಿಯ ಹತ್ತಿರ ಹೋಗಿ ಎಲ್ಲರೆದುರು ಕೈಕುಲುಕಿದರು. ತಾಲ್ಲೂಕಿನ ಸಮಾರಂಭಗಳಿಗೆಲ್ಲ ಇನ್ನು ಇವನೇ ಎಂದರು. ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಮೈಕು ಸರಿಯಿದೆ, ಹಾಡುಗಾರರೂ ಇದ್ದಾರೆ, ಹೊರಡುವ ಮೊದಲು ಎಲ್ಲರೂ ಒಮ್ಮೆ ನಿಜವಾಗಿ ಹಾಡಲಿ, ಕೇಳಿಯೇ ಹೋಗುತ್ತೇನೆಂದು ಕೂತುಬಿಟ್ಟರು. ಮೇಷ್ಟ್ರು ಅವರತ್ತ ನೋಡಿದ ನೋಟದಲ್ಲಿ ಬೇಡವೆಂಬ ಮಾತು ಇತ್ತು, ಎಂದಿನಂತೆ ನಾಲಗೆಗೆ ಬರಲಿಲ್ಲ. ಕೈ ಎತ್ತಿದರು.

ಹದಿನಾರು ಜನರ ವರ್ಷಾನುಗಟ್ಟಲೆಯ ದಾಸ್ತಾನು ಒಮ್ಮೆಲೇ ಹೊರಬಿತ್ತು. ಪ್ರತಿಯೊಬ್ಬರಿಗೂ ಇನ್ನೊಬ್ಬರನ್ನು ಮುಚ್ಚಿಹಾಕುವ ಶಕ್ತಿ ತಮಗಿದೆಯೆಂದು ತಜ್ಞರೇ ಹೇಳಿದ್ದರಾದ್ದರಿಂದ ಪ್ರತಿಯೊಬ್ಬರೂ ಅದನ್ನು ನಿಜಮಾಡಲು ಹೊರಟರು. ಆಂಜಿನಮ್ಮನವರು ಹಿಡಿದ ಶ್ರುತಿ ಗೌರಿಬಿದನೂರಿನ ಕಡೆಗಿದ್ದರೆ ಗಿರಣಿಯವರದು ಮದನಪಲ್ಲಿಯ ಕಡೆಗಿತ್ತು. ಎಲ್ಲಕ್ಕೂ ಮೇಲೆ, ಅತ್ಯುತ್ತಮ ಮೈಕಿನ ಮುಂದೆ, ಒಣಗಿದ ಚಂದ್ರಿಕೆಯನ್ನು ಸಿಮೆಂಟು ನೆಲದ ಮೇಲೆ ದರದರ ಎಳೆದಂತೆ ಮುರಳಿಮೋಹನರ ಮೀಸಲು ದನಿ. ಪಿಟೀಲಿನವರು ಪಿಟೀಲನ್ನು ಎದೆಗವಚಿಕೊಂಡರು. ಅಡುಗೆಯವರು ಸೌಟು ಹಿಡಿದು ಬಂದು ಬಾಗಿಲಲ್ಲಿ ನಿಂತರು. ಅದೇ ಹೊತ್ತಿಗೆ ಬಂದ ಶಿರೀಷಾ, ಕವಿತ ಇಬ್ಬರೂ ಒಳಗೆ ಜಗಳ ಹತ್ತಿದೆಯೆಂದು ತಿಳಿದು ಚಪ್ಪಲಿ ಬಿಡದೆ ಹೊರಗೇ ನಿಂತರು. ಮುನಿಶಾಮಿಯ ಕೈ ತಾನಾಗಿ ವಾಲ್ಯೂಮಿನ ತಿರುಗಣೆಗೆ ಹೋಯಿತು. ಸ್ನೇಹಧರ್ಮ ನೆನೆದು ಹಿಂದೆ ತೆಗೆದುಕೊಂಡ.

ಹಾಡು ಮುಗಿಯಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ.

ಓಬಳಮ್ಮ ಕೋಲು ಊರಿಕೊಂಡು ಎದ್ದರು. ನೆಂಟರೆಲ್ಲ ದಾರಿ ಬಿಟ್ಟರು. ವೇದಿಕೆಯ ಮೆಟ್ಟಿಲ ಬಳಿ ಬಂದು ಅಳಿಯನನ್ನು ಕರೆದರು. ಮುರಳಿಮೋಹನ್ ತೀರ್ಪು ಕೇಳುವ ಕೈದಿಯಂತೆ ಇಳಿದುಬಂದು ಎದುರು ನಿಂತರು.

"ಮೊದಲ್ನೇದು ಹಾಡ್ದಲ್ಲ, ಅದಪ್ಪ ಪಾಟ ಅಂದ್ರೆ," ಎಂದರು ಓಬಳಮ್ಮ. "ಎರಡ್ನೇದ್ರಲ್ಲಿ ಮೊಖ ಕೆಡಿಸ್ಕೊಂಡು ಏನೋ ಮಾಡ್ಬಿಟ್ಟೆ. ಇನ್ಮೇಲೆ ಮೊದಲ್ನೇದನ್ನೇ ಹಾಡು."

ಈ ವಿಮರ್ಶೆಯನ್ನು ಸಭೆಯಲ್ಲಿ ಒಬ್ಬರೂ ಅಲ್ಲಗಳೆಯಲಿಲ್ಲ. ಅಂಬರೀಶ್ ತಲೆಯಾಡಿಸಿದರು. ಕೋನಪ್ಪ ಮೇಷ್ಟ್ರು ಆ ಹಿರಿಯರಿಗೆ ದೂರದಿಂದಲೇ ಕೈಮುಗಿದರು.

ಮುರಳಿಮೋಹನ್ ತಲೆಯೆತ್ತಿ ಅತ್ತೆಯ ಮುಖವನ್ನು ನೇರವಾಗಿ ನೋಡಿದರು. 'ಆಗ್ಲಿ ಅತ್ತೆ, ನೀವು ಹೇಳ್ದಂಗೇ' ಎನ್ನಲು ಬಾಯಿ ತೆರೆದರು. ಕೂಗಿದ ಕೂಗಿಗೆ ಗಂಟಲು ಪೂರ್ತಿ ಕಟ್ಟಿತ್ತು. ತುಟಿ ಅಭ್ಯಾಸಬಲದಿಂದ ಅಗಲವಾಗಿ ಆಡಿತೇ ಹೊರತು ಒಂದು ಅಕ್ಷರವೂ ಹೊರಗೆ ಬರಲಿಲ್ಲ.

"ಅಷ್ಟ್ ಜೋರಾಗಿ ಯಾಕಪ್ಪ ಹೇಳ್ತೀಯ," ಎಂದರು ಓಬಳಮ್ಮ. "ನಂಗೇನು ಕಿವುಡಾ?"